ಎರಡು ಸಾಲಿನ ಸೇನೆ ಮತ್ತು ಎಲ್ಫ್ ರಾವುತರು

ಪ್ರಶ್ನೆ: ನಾನೂ ನನ್ನ ಸ್ನೇಹಿತನೂ ಪುಟ್ಟ ಸೈನಿಕ ಗೊಂಬೆಗಳನ್ನು ಮೇಜಿನ ಮೇಲೆ ನಡೆಸಿ, ದಾಳ ಉರುಳಿಸಿ ಕಾದಾಡಿಸುವ ವಾರ್‌ಹ್ಯಾಮರ್ ಫ್ಯಾಂಟಸಿ ಬ್ಯಾಟಲ್‌ನ ಆರನೆಯ ಆವೃತ್ತಿಯ ನಿಯಮಗಳಂತೆ ತಲಾ 2000 ಅಂಕಗಳ ಸೇನೆ ಕಟ್ಟಿಕೊಂಡು ಮನೆಯ ಊಟದ ಮೇಜಿನ ಮೇಲೆ ಆಡುತ್ತೇವೆ. ಮೇಜು 5 ಅಡಿ ಉದ್ದ, 3 ಅಡಿ ಅಗಲವಿದೆ. ನನ್ನದು ಮಾನವರ ಎಂಪೈರ್ ಸೇನೆ, ಅವನದು ಹೈ ಎಲ್ಫ್ ಎಂಬ ಕಲ್ಪಿತ ಜನಾಂಗದ ಸೇನೆ. ಈವರೆಗಿನ ಏಳು ಆಟಗಳಲ್ಲಿ ಆರನ್ನು ಸೋತಿದ್ದೇನೆ. ಎಲ್ಲರ ಕತ್ತಿಗೂ ಕೆಲಸ ಸಿಗಲೆಂದು ಇಪ್ಪತ್ತು ಕತ್ತಿಯಾಳುಗಳನ್ನು ಹತ್ತು ಹತ್ತರ ಎರಡು ಸಾಲಾಗಿ ನಿಲ್ಲಿಸುತ್ತೇನೆ. ಆದರೂ ಅವನ ಐದು ಸಿಲ್ವರ್ ಹೆಲ್ಮ್ ರಾವುತರು ಬಂದು ಡಿಕ್ಕಿ ಹೊಡೆದರೆ ಸಾಲು ಒಡೆದುಹೋಗುತ್ತದೆ. ಕೋವಿಗಾರರಿಗೆ ಒಂದು ಸುತ್ತು ಗುಂಡು ಹಾರಿಸುವಷ್ಟು ಸಮಯ ಮಾತ್ರ ಸಿಗುತ್ತದೆ. ಫಿರಂಗಿಯ ಗುಂಡು ಗುರಿಯನ್ನು ದಾಟಿ ಎಲ್ಲೋ ಹೋಗಿ ಬೀಳುತ್ತದೆ. ಈ ಆಟದ ನಿಯಮಗಳೇ ಎಲ್ಫ್‌ಗಳ ಪರವಾಗಿವೆಯೆ?

ಉತ್ತರ: ನಿಯಮಗಳು ಎಲ್ಫ್‌ಗಳ ಪರವಾಗಿಲ್ಲ. ಆದರೆ ಒಬ್ಬೊಬ್ಬರನ್ನೇ ತೂಗಿ ನೋಡಿದರೆ ಎಲ್ಫ್ ಮೇಲು ಎಂಬುದರಲ್ಲಿ ಅನುಮಾನವಿಲ್ಲ. ಆಟವನ್ನು ರೂಪಿಸಿದವರು ಬೇಕೆಂದೇ ಹಾಗೆ ಇಟ್ಟಿದ್ದಾರೆ. ಸಾಮಾನ್ಯ ಮಾನವ ಸೈನಿಕನ ನಡಿಗೆ 4 ಇಂಚು, ಕಾದಾಟದ ಕೌಶಲ 3, ಚುರುಕು 3, ನಾಯಕತ್ವ 7. ಸಾಮಾನ್ಯ ಎಲ್ಫ್‌ನದು ನಡಿಗೆ 5, ಕೌಶಲ 4, ಚುರುಕು 5, ನಾಯಕತ್ವ 8. ಆದರೆ ಬಲದಲ್ಲೂ ದೇಹದ ಗಟ್ಟಿತನದಲ್ಲೂ ಇಬ್ಬರಿಗೂ ಮೂರೇ ಅಂಕ, ಇಬ್ಬರೂ ಒಂದೇ ಪೆಟ್ಟಿಗೆ ಬೀಳುವವರು. ಒಬ್ಬ ಎಲ್ಫ್‌ಗೆ ತೆರುವ ಅಂಕಗಳಲ್ಲಿ ಹತ್ತಿರ ಹತ್ತಿರ ಇಬ್ಬರು ಮಾನವರು ಬರುತ್ತಾರೆ. ಅಂದರೆ ನಿಮ್ಮ ಸೇನೆಯ ಬಂಡವಾಳ ತಲೆಗಳ ಎಣಿಕೆ, ಅವರ ಸೇನೆಯ ಬಂಡವಾಳ ಒಬ್ಬೊಬ್ಬರ ಕೈಚಳಕ. ನಿಮ್ಮ ಪತ್ರ ಓದಿದಾಗ ನನಗೆ ಕಂಡದ್ದೆಂದರೆ, ನೀವು ಮಾನವ ಸೇನೆಯನ್ನು ಎಲ್ಫ್ ಸೇನೆಯ ಹಾಗೆ ಆಡಿಸುತ್ತಿದ್ದೀರಿ. ಕತ್ತಿಗೆ ಕತ್ತಿ ಎದುರಾಗಲಿ ಎಂದು ಸಾಲನ್ನು ಅಗಲ ಮಾಡುತ್ತಿದ್ದೀರಿ, ಮತ್ತು ಆ ಸ್ಪರ್ಧೆಯಲ್ಲಿ ನೀವು ಗೆಲ್ಲುವ ಹಾಗೇ ಇಲ್ಲ.

ಆ ಐದು ರಾವುತರ ದಾಳಿಯನ್ನೇ ಎತ್ತಿಕೊಂಡು ದಾಳ ದಾಳವಾಗಿ ಲೆಕ್ಕ ಹಾಕಿ ನೋಡೋಣ. ಭರ್ಜಿ ಹಿಡಿದು ದಾಳಿ ಮಾಡುವಾಗ ಎಲ್ಫ್ ರಾವುತನ ಬಲ ಮೂರರಿಂದ ಐದಕ್ಕೆ ಏರುತ್ತದೆ. ನಿಮ್ಮ ಕತ್ತಿಯಾಳುಗಳ ಕೌಶಲ ನಾಲ್ಕು, ಅಂದರೆ ಎಲ್ಫ್‌ಗೆ ಸಮ. ಹಾಗಾಗಿ ಪೆಟ್ಟು ತಾಗಲು ಅವನ ದಾಳದಲ್ಲಿ ನಾಲ್ಕು ಅಥವಾ ಹೆಚ್ಚು ಬೀಳಬೇಕು. ಐದು ಪೆಟ್ಟಿಗೆ ಸರಾಸರಿ ಎರಡೂವರೆ ತಾಗುತ್ತವೆ. ಐದರ ಬಲಕ್ಕೆ ಗಾಯ ಮಾಡಲು ಎರಡು ಬಿದ್ದರೂ ಸಾಕು, ಆದ್ದರಿಂದ ಸುಮಾರು ಎರಡು ಗಾಯಗಳಾಗುತ್ತವೆ. ಕತ್ತಿ, ಗುರಾಣಿ, ಹಗುರ ಕವಚ ಸೇರಿ ದಾಳದಲ್ಲಿ ನಾಲ್ಕು ಅಥವಾ ಹೆಚ್ಚು ಬಿದ್ದರೆ ಉಳಿಸಬೇಕಿದ್ದ ರಕ್ಷಣೆ ಆ ಬಲದ ಮುಂದೆ ಆರು ಬಿದ್ದರೆ ಮಾತ್ರ ಉಳಿಸುವಷ್ಟಕ್ಕೆ ಇಳಿಯುವುದರಿಂದ ಅವುಗಳಲ್ಲಿ ಹೆಚ್ಚಿನವು ಸಾವಾಗಿಯೇ ಮುಗಿಯುತ್ತವೆ. ಕುದುರೆಗಳ ಒದೆತವನ್ನೂ ಸೇರಿಸಿದರೆ ಒಂದು ದಾಳಿಗೆ ಸರಾಸರಿ 2.4 ಮಂದಿ ಬೀಳುತ್ತಾರೆ. ಒಂದು ದಿನ ಇಬ್ಬರು, ಇನ್ನೊಂದು ದಿನ ಮೂವರು ಎಂದುಕೊಳ್ಳಿ.

ಈಗ ನಿಮ್ಮ ಕಡೆಯ ಎದುರೇಟು. ರಾವುತ ಗೊಂಬೆಯ ಕೆಳಗಿನ ಪೀಠ 25 ಮಿಲಿಮೀಟರ್ ಅಗಲ, ಕತ್ತಿಯಾಳಿನದು 20. ಐದು ಕುದುರೆಗಳ ಮುಖ 125 ಮಿಲಿಮೀಟರ್. ನಿಮ್ಮ ಹತ್ತು ಜನರ ಸಾಲು 200 ಮಿಲಿಮೀಟರ್. ಅಂದರೆ ಹತ್ತರಲ್ಲಿ ಏಳೆಂಟು ಜನ ಮಾತ್ರ ಶತ್ರುವನ್ನು ಮುಟ್ಟುತ್ತಾರೆ, ಉಳಿದವರು ಜಾತ್ರೆಯಲ್ಲಿ ತೇರು ನೋಡುವವರಂತೆ ನಿಂತಿರುತ್ತಾರೆ. ಮುಟ್ಟಿದವರಲ್ಲೂ ಸತ್ತವರನ್ನು ಕಳೆದರೆ ತಿರುಗಿ ಹೊಡೆಯಲು ಐವರು ಉಳಿಯುತ್ತಾರೆ. ಅವರ ಪೆಟ್ಟಿನಲ್ಲಿ ಅರ್ಧ ತಾಗುತ್ತದೆ, ತಾಗಿದ್ದರಲ್ಲಿ ಅರ್ಧ ಗಾಯವಾಗುತ್ತದೆ. ರಾವುತನ ಭಾರಿ ಕವಚ, ಗುರಾಣಿ, ಕುದುರೆಯ ಮೇಲ್ಗವಚ ಎಲ್ಲ ಸೇರಿ ಎರಡಕ್ಕೇ ಉಳಿಸಿಕೊಳ್ಳುವುದರಿಂದ, ಆ ಗಾಯಗಳಲ್ಲಿ ಆರರಲ್ಲಿ ಒಂದು ಮಾತ್ರ ಅವನನ್ನು ಬೀಳಿಸುತ್ತದೆ. ಒಟ್ಟು ಫಲ 0.2. ಇಂಥ ಐದು ಕಾದಾಟ ನಡೆದರೆ ಒಬ್ಬ ರಾವುತ ಬೀಳುತ್ತಾನೆ. ಎಲ್ಲರ ಕತ್ತಿಗೂ ಕೆಲಸ ಕೊಡುವ ಯೋಜನೆಯ ಒಟ್ಟು ಆದಾಯ ಇಷ್ಟೇ.

ಆದರೆ ಕಾದಾಟವನ್ನು ಗೆಲ್ಲುವುದು ಸಾವಿನ ಎಣಿಕೆ ಒಂದೇ ಅಲ್ಲ. ಮಾಡಿದ ಗಾಯಗಳಿಗೆ ಮೊದಲ ಸಾಲಿನ ಹಿಂದಿರುವ ಪ್ರತಿಯೊಂದು ಸಾಲಿಗೆ ಒಂದರಂತೆ ಗರಿಷ್ಠ ಮೂರು, ಬಾವುಟಕ್ಕೆ ಒಂದು, ಸಂಖ್ಯೆಯಲ್ಲಿ ಹೆಚ್ಚಿದ್ದರೆ ಒಂದು, ಶತ್ರುವಿನ ಮಗ್ಗುಲಿಗೆ ಬಿದ್ದಿದ್ದರೆ ಒಂದು, ಬೆನ್ನಿಗೆ ಬಿದ್ದಿದ್ದರೆ ಎರಡು, ಎತ್ತರದ ನೆಲದಲ್ಲಿದ್ದರೆ ಒಂದು, ಹೀಗೆ ಎರಡೂ ಕಡೆಯವರು ಕೂಡಿಸಬೇಕು, ಮೊತ್ತ ಹೆಚ್ಚಾದವರು ಗೆದ್ದಂತೆ. ನಿಮ್ಮ ಇಪ್ಪತ್ತು ಜನರ ಎರಡು ಸಾಲಿಗೆ ಹಿಂದಿನ ಸಾಲಿಗೊಂದು, ಬಾವುಟಕ್ಕೊಂದು, ಸಂಖ್ಯೆಗೊಂದು ಸೇರಿ ಮೂರು ಸಿಗುತ್ತದೆ. ಎಲ್ಫ್‌ಗಳು ಮೂವರನ್ನು ಕೊಂದ ದಿನ ಅವರಿಗೆ ಮೂರು ಗಾಯ, ಬಾವುಟಕ್ಕೊಂದು, ಒಟ್ಟು ನಾಲ್ಕು. ನೀವು ಒಂದರಿಂದ ಸೋತಿರಿ. ಆಗ ಎರಡು ದಾಳ ಉರುಳಿಸಿ ನಾಯಕತ್ವದ ಏಳರಲ್ಲಿ ಒಂದು ಕಳೆದ ಆರಕ್ಕೆ ಅಥವಾ ಅದಕ್ಕಿಂತ ಕಡಿಮೆಗೆ ಬೀಳಿಸಬೇಕು. 36 ಸಲದಲ್ಲಿ 15 ಸಲ ಮಾತ್ರ ಅದು ಸಾಧ್ಯ. ಉಳಿದ 21 ಸಲ ಸಾಲು ಒಡೆದು ಓಡುತ್ತದೆ. ಎಲ್ಫ್‌ಗಳು ಇಬ್ಬರನ್ನೇ ಕೊಂದ ದಿನ ಲೆಕ್ಕ ಸಮನಾಗುತ್ತದೆ, ಆಗ ತುತ್ತೂರಿಯವನು ಯಾರ ಕಡೆ ಇದ್ದಾನೆಂಬುದರ ಮೇಲೆ ಫಲ ನಿಲ್ಲುತ್ತದೆ.

ಅದೇ ಕತ್ತಿಯಾಳುಗಳನ್ನು ಐದು ಜನ ಅಗಲಕ್ಕೆ, ಐದು ಸಾಲು ಆಳಕ್ಕೆ, ಒಟ್ಟು 25 ಜನರನ್ನಾಗಿ ನಿಲ್ಲಿಸಿ ನೋಡಿ. ತಿರುಗಿ ಹೊಡೆಯುವವರು ಇಬ್ಬರೋ ಮೂವರೋ ಉಳಿಯುತ್ತಾರೆ, ಅವರಿಂದ ಏನೂ ಆಗುವುದಿಲ್ಲ ಎಂದೇ ಇಟ್ಟುಕೊಳ್ಳೋಣ. ಸಾಲುಗಳಿಗೆ ಮೂರು, ಬಾವುಟಕ್ಕೊಂದು, ಸಂಖ್ಯೆಗೊಂದು, ಒಟ್ಟು ಐದು. ಎಲ್ಫ್‌ಗಳು ಇಬ್ಬರನ್ನು ಕೊಂದರೆ ಅವರದು ಮೂರು, ಮೂವರನ್ನು ಕೊಂದರೆ ನಾಲ್ಕು. ಅವರ ಒಳ್ಳೆಯ ದಿನದಲ್ಲೂ ನೀವು ಒಂದರಿಂದ ಗೆಲ್ಲುತ್ತೀರಿ, ಸಾಧಾರಣ ದಿನದಲ್ಲಿ ಎರಡರಿಂದ. ಎರಡರಿಂದ ಸೋತ ಎಲ್ಫ್ ರಾವುತರು ಎಂಟರ ಬದಲು ಆರಕ್ಕೆ ಉರುಳಿಸಬೇಕು. ಈಗ 36ರಲ್ಲಿ 15 ಎಂಬ ಆ ಸಂಕಟ ಅವರ ಪಾಲಿಗೆ ಬಂತು. ಒಬ್ಬನನ್ನೂ ಕೊಲ್ಲದೆ ಕಾದಾಟ ಗೆಲ್ಲುವುದು ವಿಚಿತ್ರವಾಗಿ ಕಾಣಬಹುದು, ಆದರೆ ಈ ಆಟದಲ್ಲಿ ಮಾನವ ಪದಾತಿಯ ಕಸುಬೇ ಅದು. ಮೂರು ಹಿಂದಿನ ಸಾಲುಗಳ ಲಾಭಕ್ಕೆ ಇಪ್ಪತ್ತು ಜನ ಸಾಲುವಾಗ ಇಪ್ಪತ್ತೈದು ಏಕೆಂದರೆ, ಕಾದಾಟಕ್ಕೆ ಮುಂಚೆಯೇ ಎಲ್ಫ್ ಬಿಲ್ಲುಗಾರರ ಬಾಣಕ್ಕೆ ಮೂರ್ನಾಲ್ಕು ಮಂದಿ ಖಂಡಿತ ಬೀಳುತ್ತಾರೆ. ಕೊನೆಯ ಸಾಲು ಆ ಕರವನ್ನು ತೆರುವುದಕ್ಕೆಂದೇ ಇರುವಂಥದ್ದು.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಆ ಐವರ ನಡುವೆ ಒಬ್ಬ ವೀರ ನಾಯಕ ಸೇರಿಕೊಂಡರೆ ಅವನೊಬ್ಬನೇ ಇನ್ನಿಬ್ಬರನ್ನು ಕೊಂದು ಲೆಕ್ಕವನ್ನು ಪೂರ್ತಿ ತಿರುಗಿಸಬಲ್ಲ. ಆಳವಾದ ಸಾಲು ನಿಮ್ಮನ್ನು ಅರ್ಧ ದಾರಿಗೆ ತಂದು ನಿಲ್ಲಿಸುತ್ತದೆ. ಉಳಿದರ್ಧ ದಾರಿ ಉಪತುಕಡಿಗಳದು. ನಿಮ್ಮ ಪತ್ರದಲ್ಲಿ ಅವುಗಳ ಮಾತೇ ಇಲ್ಲ, ಅದು ನನಗೆ ಎಲ್ಲಕ್ಕಿಂತ ಆಶ್ಚರ್ಯ ತಂದ ಸಂಗತಿ.

ಡಿಟ್ಯಾಚ್‌ಮೆಂಟ್ ಎಂದು ಆಟಗಾರರು ಕರೆಯುವ ಈ ಉಪತುಕಡಿ ಎಂಪೈರ್ ಸೇನೆಗೆ ಮಾತ್ರ ದಕ್ಕಿದ ಸೌಲಭ್ಯ. ಒಂದು ದೊಡ್ಡ ತುಕಡಿಗೆ ಅದರ ಅರ್ಧಕ್ಕೆ ಮೀರದ ಒಂದೆರಡು ಚಿಕ್ಕ ತುಕಡಿಗಳನ್ನು ಅಂಟಿಸಬಹುದು. ತಾಯಿ ತುಕಡಿಯ ಮೇಲೆ ಶತ್ರು ದಾಳಿ ಮಾಡಿದಾಗ ಅದರಿಂದ 3 ಇಂಚಿನೊಳಗಿರುವ ಉಪತುಕಡಿ, ಅದು ಶತ್ರುವಿನ ಸರದಿಯಾಗಿದ್ದರೂ, ಆ ಶತ್ರುವಿನ ಮಗ್ಗುಲಿಗೆ ಎದುರುದಾಳಿ ಮಾಡಬಹುದು. ಕೋವಿಗಾರರ ಉಪತುಕಡಿಯಾದರೆ ತಾಯಿಯ ಮೇಲೆ ಏರಿ ಬರುವವರ ಮೇಲೆ ಗುಂಡು ಹಾರಿಸಬಹುದು. ಇತಿಹಾಸ ಓದಿದವರಿಗೆ ಇದು ಹೊಸದೆನಿಸುವುದಿಲ್ಲ. ಎಂಪೈರ್ ಸೈನಿಕರ ಸೀಳು ತೋಳಿನ ಅಂಗಿ, ಗರಿ ಸಿಕ್ಕಿಸಿದ ಟೋಪಿ ಎಲ್ಲವೂ ಹದಿನಾರನೆಯ ಶತಮಾನದ ಜರ್ಮನ್ ಕೂಲಿ ಸೈನಿಕರಾದ ಲಾಂಡ್ಸ್‌ಕ್ನೆಕ್ಟ್‌ರಿಂದ ಬಂದವು. ಅದೇ ಕಾಲದ ಸ್ಪೇನ್‌ನ ಟೆರ್ಸಿಯೊ ಪಡೆಗಳು ಉದ್ದ ಈಟಿಯವರ ಚೌಕದ ಮೂಲೆಗಳಲ್ಲಿ ಕೋವಿಗಾರರ ಚಿಕ್ಕ ಗುಂಪುಗಳನ್ನು ನಿಲ್ಲಿಸುತ್ತಿದ್ದವು. ಅವುಗಳಿಗೆ ‘ಮಾಂಗಾ’ ಎಂದು ಹೆಸರು, ಅಂದರೆ ಅಂಗಿಯ ತೋಳು. ಅಂಗಿಗೆ ತೋಳಿದ್ದ ಹಾಗೆ ಚೌಕಕ್ಕೆ ತೋಳು. ಉಪತುಕಡಿಯನ್ನು ನಾನು ಈಗಲೂ ಹಾಗೆಯೇ ನೆನೆಯುತ್ತೇನೆ, ಏಕೆಂದರೆ ಮೈಯನ್ನು ಬಿಟ್ಟು ದೂರ ಹೋದ ತೋಳಿನಿಂದ ಪ್ರಯೋಜನವಿಲ್ಲ.

ನಿಲ್ಲಿಸುವ ಬಗೆ ಹೀಗೆ. ನಡುವೆ 25 ಕತ್ತಿಯಾಳುಗಳು. ಎಡಕ್ಕೆ ಎರಡು ಇಂಚು ಬಿಟ್ಟು ಹತ್ತು ಹಾಲ್ಬರ್ಡ್‌ದಾರರು, ಅಂದರೆ ಉದ್ದ ಹಿಡಿಯ ಕೊಡಲಿಯವರು, ಅವರ ಮುಂಚೂಣಿ ತಾಯಿ ತುಕಡಿಯ ಮುಂಚೂಣಿಗಿಂತ ಒಂದು ಇಂಚು ಹಿಂದೆ. ಬಲಕ್ಕೆ ಹತ್ತು ಕೋವಿಗಾರರು, ಒಂದೇ ಸಾಲಾಗಿ. ಮೊದಲ ಸಾಲಿನವರು ಮಾತ್ರ ಗುಂಡು ಹಾರಿಸಬಲ್ಲರಾದ್ದರಿಂದ, ಗುಡ್ಡದ ಮೇಲಿದ್ದರೆ ಬೇರೆ ಮಾತು, ಹೊಡೆಯುವವರು ಅಗಲಕ್ಕೆ, ಕಾದಾಡುವವರು ಆಳಕ್ಕೆ ನಿಲ್ಲಬೇಕು. ನೀವು ಇಷ್ಟು ದಿನ ಕತ್ತಿಯಾಳುಗಳನ್ನು ಕೋವಿಗಾರರ ಹಾಗೆ ನಿಲ್ಲಿಸುತ್ತ ಬಂದಿದ್ದೀರಿ. ಈಗ ರಾವುತರು ಏರಿ ಬಂದರೆ ಮೊದಲು ಕೋವಿಗಳು ಸಿಡಿಯುತ್ತವೆ. ನುಗ್ಗಿ ಬರುವವರ ಮೇಲೆ ಹೊಡೆಯುವಾಗ ಗುರಿ ತುಸು ಕಷ್ಟ, ಐದು ಅಥವಾ ಆರು ಬೀಳಬೇಕು. ಹತ್ತು ಗುಂಡಿನಲ್ಲಿ ಮೂರು ತಾಗಿ ಎರಡು ಗಾಯವಾಗುತ್ತವೆ. ಕೋವಿಯ ಬಲ ನಾಲ್ಕು, ಜೊತೆಗೆ ಅದು ಕವಚವನ್ನು ಸೀಳುವ ಆಯುಧವಾದ್ದರಿಂದ ಎರಡಕ್ಕೆ ಉಳಿಸುತ್ತಿದ್ದ ರಕ್ಷಣೆ ನಾಲ್ಕಕ್ಕೆ ಇಳಿಯುತ್ತದೆ, ಒಬ್ಬ ರಾವುತ ದಾರಿಯಲ್ಲೇ ಬೀಳುತ್ತಾನೆ. ಉಳಿದ ನಾಲ್ವರು ಬಂದು ಡಿಕ್ಕಿ ಹೊಡೆಯುತ್ತಾರೆ. ಆಗ ಹಾಲ್ಬರ್ಡ್‌ದಾರರು ಅವರ ಮಗ್ಗುಲಿಗೆ ಬೀಳುತ್ತಾರೆ.

ಮಗ್ಗುಲಿಗೆ ಬಿದ್ದವರು ಎಷ್ಟು ಜನರನ್ನು ಕೊಲ್ಲುತ್ತಾರೆಂದು ನೋಡಬೇಡಿ. ಕುದುರೆಯ ಪೀಠದ ಉದ್ದಕ್ಕೆ ಮೂವರು ಮಾತ್ರ ತಾಗುತ್ತಾರೆ, ಅವರಿಂದ ಮೂರು ಕಾದಾಟಕ್ಕೆ ಒಬ್ಬ ರಾವುತ ಬಿದ್ದರೆ ಹೆಚ್ಚು. ಆದರೆ ಮಗ್ಗುಲಿಗೆ ಬಿದ್ದದ್ದಕ್ಕೇ ಒಂದು ಅಂಕ ಸಿಗುತ್ತದೆ, ಎರಡರ ಗೆಲುವು ಮೂರಾಗುತ್ತದೆ. ಎಲ್ಫ್‌ಗಳು ಈಗ ಐದಕ್ಕೆ ಉರುಳಿಸಬೇಕು, 36ರಲ್ಲಿ 10 ಸಲ. ಎದುರಾಳಿ ರಾವುತರಲ್ಲದೆ ಮೂರು ಸಾಲಿನ ಈಟಿಯವರಾಗಿದ್ದರೆ ಲಾಭ ಇನ್ನೂ ದೊಡ್ಡದು. ಹೈ ಎಲ್ಫ್ ಈಟಿಯವರು ನಿಂತಲ್ಲೇ ದಾಳಿಯನ್ನು ಎದುರಿಸುವಾಗ ಮೂರು ಸಾಲಿನಿಂದಲೂ ಚುಚ್ಚುತ್ತಾರೆ. ಅವರನ್ನು ಮುಖಾಮುಖಿ ತಡವುವುದು ಮುಳ್ಳುಹಂದಿಯನ್ನು ತಡವಿದಂತೆ. ಐದು ಅಥವಾ ಹೆಚ್ಚು ಸೈನಿಕರ ತುಕಡಿ ಮಗ್ಗುಲಿಗೆ ಬಿದ್ದ ಕೂಡಲೇ ಅವರ ಸಾಲುಗಳ ಎರಡು ಅಂಕ ಅಳಿಸಿಹೋಗುತ್ತದೆ, ನಿಮಗೆ ಒಂದು ಸೇರುತ್ತದೆ, ಒಟ್ಟು ಮೂರರ ಅಂತರ ಅಲ್ಲೇ ಹುಟ್ಟುತ್ತದೆ.

ಆ ಮೂರು ಇಂಚಿನ ಅಂತರವನ್ನು ಮಾತ್ರ ಪ್ರತಿ ಸರದಿಯ ಕೊನೆಯಲ್ಲೂ ಅಳೆದು ನೋಡಿ. ನನ್ನ ಮೊದಲ ವರ್ಷದ ಒಂದು ಆಟದಲ್ಲಿ ಹಾಲ್ಬರ್ಡ್‌ದಾರರನ್ನು ಒಂದು ಪೊದೆಯನ್ನು ಬಳಸಿ ನಡೆಸಿ, ತಾಯಿ ತುಕಡಿಯಿಂದ ನಾಲ್ಕು ಇಂಚು ದೂರ ಬಿಟ್ಟಿದ್ದೆ. ಎದುರಾಳಿ ಬಂದು ಡಿಕ್ಕಿ ಹೊಡೆದ ಮೇಲೆ ಟೇಪು ಹಿಡಿದು ನೋಡಿದಾಗ ಅದು ತಿಳಿಯಿತು, ಅಷ್ಟು ಹೊತ್ತಿಗೆ ಆ ಹತ್ತು ಜನ ಪ್ರೇಕ್ಷಕರಾಗಿದ್ದರು. ಬಣ್ಣ ಬಳಿಯುವಾಗಲೂ ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಎಂಪೈರ್‌ನ ಪ್ರಾಂತ, ನಗರಗಳಿಗೆ ಬೇರೆ ಬೇರೆ ಬಣ್ಣಗಳಿವೆ, ಆಲ್ಟ್‌ಡಾರ್ಫ್‌ಗೆ ಕೆಂಪು ಮತ್ತು ನೀಲಿ, ಮಿಡನ್‌ಲ್ಯಾಂಡ್‌ಗೆ ನೀಲಿ ಮತ್ತು ಬಿಳಿ, ನೂಲ್‌ಗೆ ಕಪ್ಪು. ತಾಯಿ ತುಕಡಿ ಮತ್ತು ಅದರ ಉಪತುಕಡಿಗಳಿಗೆ ಒಂದೇ ಪ್ರಾಂತದ ಬಣ್ಣ ಕೊಟ್ಟರೆ, ನಾಲ್ಕನೆಯ ಸರದಿಯ ಗಲಿಬಿಲಿಯಲ್ಲಿ ಯಾರ ತೋಳು ಯಾರ ಮೈಗೆ ಎಂಬ ಗೊಂದಲ ಇರುವುದಿಲ್ಲ.

ಇನ್ನು ನಿಮ್ಮ ಊಟದ ಮೇಜಿನ ವಿಷಯ. ಕೋವಿಗಾರರಿಗೆ ಒಂದೇ ಸುತ್ತು ಗುಂಡು ಹಾರಿಸಲು ಆಗುತ್ತದೆ ಎಂಬ ನಿಮ್ಮ ದೂರಿಗೆ ಕಾರಣ ಸೇನೆಯಲ್ಲಿಲ್ಲ, ಮೇಜಿನಲ್ಲಿದೆ. ಈ ಗಾತ್ರದ ಯುದ್ಧಕ್ಕೆ ರೂಢಿಯ ಮೇಜು 6 ಅಡಿ ಉದ್ದ, 4 ಅಡಿ ಅಗಲದ್ದು. ಎರಡೂ ಕಡೆಯವರು ತಮ್ಮ ಅಂಚಿನಿಂದ 12 ಇಂಚಿನೊಳಗೆ ಸೇನೆ ನಿಲ್ಲಿಸಿದರೆ ನಡುವೆ 24 ಇಂಚು ಬಯಲು ಉಳಿಯುತ್ತದೆ. ಕೋವಿಯ ಗುಂಡು ಹೋಗುವ ದೂರವೂ ಸರಿಯಾಗಿ 24 ಇಂಚು. ನಿಯಮಗಳಲ್ಲಿ ಈ ಎರಡು ಅಂಕಿಗಳು ಒಂದಕ್ಕೊಂದು ಹೊಂದಿಕೊಂಡೇ ಇವೆ. ನಿಮ್ಮ ಮೇಜಿನ ಅಗಲ 36 ಇಂಚು, ಅದರಲ್ಲಿ ಎರಡು ಕಡೆಯ 12 ಇಂಚು ಕಳೆದರೆ ನಡುವೆ ಉಳಿಯುವುದು ಬರೀ 12. ಎಲ್ಫ್ ಪದಾತಿಯೇ ದಾಳಿಯಲ್ಲಿ 10 ಇಂಚು ಓಡುತ್ತದೆ, ಕುದುರೆಗಳಿಗಂತೂ ಆ ಬಯಲು ಮನೆಯ ಅಂಗಳವಿದ್ದಂತೆ, ಮೊದಲ ಸರದಿಯಲ್ಲೇ ದಾಟಿ ಬರುತ್ತವೆ. ನಡಿಗೆಯಲ್ಲಿ ಮುಂದಿರುವ ಸೇನೆಗೆ ಚಿಕ್ಕ ಮೇಜಿಗಿಂತ ದೊಡ್ಡ ಉಡುಗೊರೆಯಿಲ್ಲ.

ನಮ್ಮಲ್ಲಿ ಪ್ಲೈವುಡ್ ಹಲಗೆಗಳು 8 ಅಡಿ ಉದ್ದ, 4 ಅಡಿ ಅಗಲದಲ್ಲಿ ಸಿಗುತ್ತವೆ. ಒಂದು ತೆಳುವಾದ ಹಲಗೆ ತಂದು 6 ಅಡಿಗೆ ಕತ್ತರಿಸಿ ಊಟದ ಮೇಜಿನ ಮೇಲೆ ಹಾಸಿ, ಜಾರದಂತೆ ಕೆಳಗೆ ಹಳೆಯ ಜಮಖಾನೆ ಹಾಕಿದರೆ ಸಾಕು. ಉಳಿದ 2 ಅಡಿಯ ತುಂಡನ್ನು ಬಿಸಾಡಬೇಡಿ, ಅದನ್ನು ಅಂಕುಡೊಂಕಾಗಿ ಕೊಯ್ದು ಒಂದರ ಮೇಲೊಂದು ಅಂಟಿಸಿದರೆ ಎರಡು ಒಳ್ಳೆಯ ಗುಡ್ಡಗಳಾಗುತ್ತವೆ. ಒಂದನ್ನು ನಿಮ್ಮ ಕೋವಿಗಾರರ ಕೆಳಗೆ ಇಡುವ ಆಸೆ ಸಹಜವಾದರೂ ಗುಡ್ಡ, ಕಾಡುಗಳನ್ನು ಇಬ್ಬರೂ ಸೇರಿ ಹರಡಿ, ಆಮೇಲೆ ಯಾರು ಯಾವ ಕಡೆ ಎಂದು ದಾಳ ಉರುಳಿಸಿ ತೀರ್ಮಾನಿಸಿಕೊಳ್ಳಿ. ಎಲ್ಫ್‌ಗಳ ಉದ್ದಬಿಲ್ಲಿನ ಬಾಣ 30 ಇಂಚು ಹೋಗುತ್ತದೆ, ನಿಮ್ಮ ಕೋವಿಗಿಂತ ಆರು ಇಂಚು ಹೆಚ್ಚು. ಅದಕ್ಕೆ ಸರಿಸಮನಾದ ಆಯುಧ ನಿಮ್ಮಲ್ಲಿ ಅಡ್ಡಬಿಲ್ಲು. ಅದೂ 30 ಇಂಚು, ಬಲ ನಾಲ್ಕು. ಕವಚ ಸೀಳುವ ಗುಣ ಅದಕ್ಕಿಲ್ಲ. ದೊಡ್ಡ ಮೇಜಿನಲ್ಲಿ ಬೆನ್ನಿಗೆ ಅಡ್ಡಬಿಲ್ಲುಗಾರರ ಒಂದು ಸ್ವತಂತ್ರ ತುಕಡಿ, ಮಗ್ಗುಲಿಗೆ ಕೋವಿಗಾರರ ಉಪತುಕಡಿ ಇರುವುದನ್ನು ನಾನು ಮೆಚ್ಚುತ್ತೇನೆ. ಎರಡೂ ಆಯುಧಗಳವರು ನಡೆದ ಸರದಿಯಲ್ಲಿ ಹೊಡೆಯಲಾರರು, ಆದ್ದರಿಂದ ಅವರನ್ನು ನಿಲ್ಲಿಸುವ ಜಾಗವನ್ನು ಮೊದಲೇ ಯೋಚಿಸಿ, ಆಮೇಲೆ ಕದಲಿಸಬೇಡಿ.

ಫಿರಂಗಿಯ ಗುಂಡು ಗುರಿ ದಾಟಿ ಹೋಗುತ್ತದೆ ಎಂದಿದ್ದೀರಿ. ನೀವು ಶತ್ರು ಇರುವ ದೂರವನ್ನೇ ಊಹಿಸಿ ಹೇಳುತ್ತಿದ್ದೀರೆಂದು ತೋರುತ್ತದೆ. ಈ ಆವೃತ್ತಿಯಲ್ಲಿ ಮೊದಲೇ ಅಳೆಯುವಂತಿಲ್ಲ. ದೂರವನ್ನು ಕಣ್ಣಳತೆಯಲ್ಲಿ ಹೇಳಬೇಕು, ಹೇಳಿದ ದೂರಕ್ಕೆ ಫಿರಂಗಿ ದಾಳದ ಅಂಕಿ ಕೂಡುತ್ತದೆ. ಆ ದಾಳದ ಐದು ಮುಖಗಳಲ್ಲಿ 2, 4, 6, 8, 10 ಇವೆ, ಆರನೆಯದರಲ್ಲಿ ತಪ್ಪು ಸಿಡಿತದ ಗುರುತಿದೆ. ಗುಂಡು ನೆಲಕ್ಕೆ ಬಿದ್ದ ಮೇಲೆ ಅದೇ ದಾಳವನ್ನು ಮತ್ತೊಮ್ಮೆ ಉರುಳಿಸಿದಾಗ ಅಷ್ಟು ಇಂಚು ಪುಟಿದು ದಾರಿಯಲ್ಲಿ ಸಿಕ್ಕವರನ್ನು ಹೊಡೆದುಕೊಂಡು ಹೋಗುತ್ತದೆ; ಎರಡನೆಯ ಸಲ ತಪ್ಪಿನ ಗುರುತು ಬಿದ್ದರೆ ಗುಂಡು ನೆಲದಲ್ಲೇ ಹೂತುಹೋಗುತ್ತದೆ. ಹಾಗಾದರೆ ಗುರಿ ಇರುವ ದೂರವನ್ನೇ ಹೇಳಿದರೆ ಗುಂಡು ಯಾವಾಗಲೂ ಎರಡು ಇಂಚಾದರೂ ಆಚೆಗೇ ಬೀಳುತ್ತದೆ. ಗುರಿಗಿಂತ 10 ಇಂಚು ಕಡಿಮೆ ಹೇಳಬೇಕು. ಆಗ ಮೊದಲ ದಾಳ 2 ಆದರೆ ಪುಟಿತ 8 ಅಥವಾ 10 ಬೇಕು. 4 ಆದರೆ 6ರಿಂದ ಮೇಲಕ್ಕೆ. 6 ಆದರೆ 4ರಿಂದ ಮೇಲಕ್ಕೆ. 8 ಆದರೆ ಯಾವ ಅಂಕಿ ಬಿದ್ದರೂ ಸರಿ. 10 ಆದರೆ ಗುಂಡು ಗುರಿಯ ತಲೆಯ ಮೇಲೇ ಬಿತ್ತು, ಪುಟಿಯುವುದೂ ಬೇಡ. ಎರಡು ದಾಳಗಳ 36 ಜೋಡಿಗಳಲ್ಲಿ ಗುರಿ ಮುಟ್ಟುವವು ಎರಡು, ಮೂರು, ನಾಲ್ಕು, ಐದು, ಆರು, ಒಟ್ಟು 20. ಎಂಟು ಇಂಚು ಕಡಿಮೆ ಹೇಳಿದರೆ ಅದು 18ಕ್ಕೆ ಇಳಿಯುತ್ತದೆ, ಹನ್ನೆರಡು ಇಂಚು ಕಡಿಮೆ ಹೇಳಿದರೆ 15ಕ್ಕೆ. ಗುರಿ ಚಿಕ್ಕದಿದ್ದಾಗ, ಉದಾಹರಣೆಗೆ ಒಮ್ಮೆಗೆ ಆರು ಬಾಣ ಎಸೆಯುವ ಎಲ್ಫ್ ಬಾಣಯಂತ್ರದ ಮೇಲೆ, ಈ ಲೆಕ್ಕ ತುಂಬ ಉಪಯೋಗಕ್ಕೆ ಬರುತ್ತದೆ. ಕಣ್ಣಳತೆಗೆ ಆಸರೆಯಾಗಿ ಮೇಜಿನ ಮೇಲೆ ಮೊದಲೇ ಗೊತ್ತಿರುವ ದೂರಗಳಿವೆ: ಅಂಚಿನಿಂದ ಅಂಚಿಗೆ 48 ಇಂಚು, ಸೇನೆ ನಿಲ್ಲಿಸುವ ಗಡಿಗಳ ನಡುವೆ 24, ಐದು ಕತ್ತಿಯಾಳುಗಳ ಮುಖ ಹತ್ತಿರ ಹತ್ತಿರ ನಾಲ್ಕು.

ದಾಳಿಯ ಓಟದಲ್ಲಿ ನೀವು ಎಂದಿಗೂ ಎಲ್ಫ್‌ಗಳನ್ನು ಗೆಲ್ಲಲಾರಿರಿ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡಿ. ನಿಮ್ಮ ಪದಾತಿ 8 ಇಂಚಿನ ದೂರಕ್ಕೆ ದಾಳಿ ಮಾಡಬಲ್ಲದು, ಅವರದು 10. ಒಂಬತ್ತು ಇಂಚಿನಲ್ಲಿ ನಿಂತ ಎಲ್ಫ್ ನಿಮ್ಮನ್ನು ಮುಟ್ಟಬಲ್ಲ, ನೀವು ಅವನನ್ನು ಮುಟ್ಟಲಾರಿರಿ. ದಾಳಿ ಮಾಡುವುದು ಹೇಗೆಂಬ ಚಿಂತೆ ಬಿಟ್ಟು, ಎಲ್ಲಿ ದಾಳಿ ಮಾಡಿಸಿಕೊಳ್ಳಬೇಕೆಂದು ಯೋಚಿಸಬೇಕು. ನಿಮ್ಮ ಸ್ನೇಹಿತರು ಬುದ್ಧಿವಂತರಾಗಿದ್ದರೆ ಎಲಿರಿಯನ್ ರೀವರ್ ಎಂಬ ಹಗುರ ಕುದುರೆಗಳನ್ನು ಮುಂದೆ ಬಿಟ್ಟು, ಕೈಗೆಟುಕುವಷ್ಟು ಹತ್ತಿರ ನಿಲ್ಲಿಸುತ್ತಾರೆ. ನೀವು ದಾಳಿ ಘೋಷಿಸಿದ ಕೂಡಲೇ ಅವು ಓಡಿಹೋಗುತ್ತವೆ, ನಿಮ್ಮ ತುಕಡಿ ಸಾಲಿನಿಂದ ಮುಂದೆ ಬಂದು ಮಗ್ಗುಲು ತೆರೆದುಕೊಂಡು ನಿಲ್ಲುತ್ತದೆ. ಆ ಆಮಿಷಕ್ಕೆ ಪದಾತಿಯನ್ನು ಕಳಿಸಬೇಡಿ, ಗುಂಡಿನಿಂದ ಉತ್ತರ ಕೊಡಿ. ಕಾದಾಟ ಗೆದ್ದ ಮೇಲೂ ಇದೇ ಮಾತು. ಓಡುವ ಕುದುರೆಗಳು ಮೂರು ದಾಳದಷ್ಟು ಓಡುತ್ತವೆ, ಬೆನ್ನಟ್ಟುವ ಪದಾತಿ ಎರಡು ದಾಳದಷ್ಟು. ಹಿಡಿಯುವುದು ಅಪರೂಪ, ಸಾಲು ಹರಿಯುವುದು ಖಚಿತ. ಬೆನ್ನಟ್ಟದೆ ನಿಲ್ಲಲು ನಾಯಕತ್ವದ ಪರೀಕ್ಷೆ ಗೆಲ್ಲಬೇಕಾದ್ದರಿಂದ ಸೇನಾಪತಿಯನ್ನು ನಡುವಿನ ತುಕಡಿಯ ಹತ್ತಿರವೇ ಇಟ್ಟುಕೊಳ್ಳಿ.

ಸೇನೆ ನಿಲ್ಲಿಸುವ ಹಂತದಲ್ಲೂ ನಿಮಗೊಂದು ಅನುಕೂಲವಿದೆ. ಒಬ್ಬರಾದ ಮೇಲೊಬ್ಬರು ಒಂದೊಂದು ತುಕಡಿ ಇಡುತ್ತಾ ಹೋಗುವಾಗ ತುಕಡಿಗಳ ಎಣಿಕೆ ಹೆಚ್ಚಿರುವ ಸೇನೆಯ ಸರದಿ ತಡವಾಗಿ ಮುಗಿಯುತ್ತದೆ. ಅಗ್ಗದ ತುಕಡಿಗಳನ್ನು ಮೊದಲು ಇಟ್ಟು, ಸಿಲ್ವರ್ ಹೆಲ್ಮ್‌ಗಳು ಎಲ್ಲಿ ಬಂದರೆಂದು ನೋಡಿಕೊಂಡು, ಕತ್ತಿಯಾಳುಗಳನ್ನು ಅವರ ಎದುರಿಗೆ ಇಡಿ. ಒಂದು ಮಗ್ಗುಲನ್ನು ಕಾಡಿಗೋ ಮೇಜಿನ ಅಂಚಿಗೋ ಆನಿಸಿ ನಿಲ್ಲಿಸಿದರೆ ಕಾಯಬೇಕಾದ ಮಗ್ಗುಲು ಒಂದೇ ಆಗುತ್ತದೆ. ಮಂತ್ರವಿದ್ಯೆಯಲ್ಲಿ ಎಲ್ಫ್‌ಗಳೊಡನೆ ಪೈಪೋಟಿಗೆ ಇಳಿಯಬೇಡಿ. ತಲಾ 25 ಅಂಕಗಳಿಗೆ ಸಿಗುವ ಮಂತ್ರನಿವಾರಣೆಯ ಸುರುಳಿಗಳನ್ನು ಹಿಡಿದ ಒಬ್ಬ ಸಾಮಾನ್ಯ ಮಾಂತ್ರಿಕ, ಜೊತೆಗೆ ಎಂಪೈರ್‌ನವರ ದೇವರಾದ ಸಿಗ್ಮರ್‌ನ ಒಬ್ಬ ಯೋಧ ಪುರೋಹಿತ, ಅಷ್ಟು ಸಾಕು.

ನಿಯಮಗಳ ಪಕ್ಷಪಾತದ ಪ್ರಶ್ನೆಗೆ ಮರಳಿದರೆ, ಒಂದು ಸಂಗತಿಯನ್ನು ನೀವೇ ಪರೀಕ್ಷಿಸಬೇಕು. ನಿಮ್ಮ ಸ್ನೇಹಿತರ ಕೈಯಲ್ಲಿರುವ ಹೈ ಎಲ್ಫ್ ಪುಸ್ತಕ ಯಾವ ವರ್ಷದ್ದು? ಆರನೆಯ ಆವೃತ್ತಿ ಬಂದದ್ದು 2000ದಲ್ಲಿ. 2006ರಲ್ಲಿ ಏಳನೆಯ ಆವೃತ್ತಿ ಬಂತು, ಅದಕ್ಕೆ ಹೊಂದುವ ಹೈ ಎಲ್ಫ್ ಪುಸ್ತಕ 2007ರದು. ಆ ಪುಸ್ತಕದಲ್ಲಿ ಎಲ್ಫ್‌ಗಳು ದಾಳಿ ಮಾಡಿದವರು ಯಾರೇ ಆಗಿರಲಿ ಮೊದಲ ಪೆಟ್ಟು ತಮ್ಮದೇ ಎಂಬ ಹಕ್ಕನ್ನು ಪಡೆದರು. ಆರನೆಯ ಆವೃತ್ತಿಯ ನಿಯಮದಲ್ಲಿ ಮೊದಲ ಪೆಟ್ಟು ದಾಳಿ ಮಾಡಿದವರದು. ಹಳೆಯ ನಿಯಮಗಳೊಂದಿಗೆ ಹೊಸ ಸೇನಾ ಪುಸ್ತಕ ಬೆರೆತಿದ್ದರೆ ನಿಮ್ಮ ಹಾಲ್ಬರ್ಡ್‌ದಾರರ ಎದುರುದಾಳಿಗೆ ಮುಂಚೆಯೇ ಎಲ್ಫ್‌ನ ಕತ್ತಿ ಬೀಸಿರುತ್ತದೆ, ಆಗ ನಿಮ್ಮ ದೂರಿನಲ್ಲಿ ಹುರುಳಿದೆ. ಇಬ್ಬರೂ ಒಂದೇ ಕಾಲದ ಪುಸ್ತಕಗಳಿಗೆ ಒಪ್ಪಿಕೊಳ್ಳಿ. ಏಳನೆಯ ಆವೃತ್ತಿಗೆ ಹೋಗುವುದಾದರೆ ಸಾಲಿನ ಅಂಕ ಸಿಗಲು ನಾಲ್ಕರ ಬದಲು ಐದು ಜನರ ಅಗಲ ಬೇಕು ಎಂಬುದನ್ನೂ ನೆನಪಿಟ್ಟುಕೊಳ್ಳಿ. ನಾನು ಮೇಲೆ ಹೇಳಿದ ಐದರ ಅಗಲ ಎರಡಕ್ಕೂ ಹೊಂದುತ್ತದೆ. 2024ರ ಜನವರಿಯಲ್ಲಿ ದಿ ಓಲ್ಡ್ ವರ್ಲ್ಡ್ ಎಂಬ ಹೆಸರಿನಲ್ಲಿ ಮರಳಿ ಬಂದಿರುವ ಆಟದ ನಿಯಮಗಳು ಬೇರೆಯೇ ಆದ್ದರಿಂದ ಈ ಲೆಕ್ಕಗಳನ್ನು ಅಲ್ಲಿಗೆ ಹಾಗೆಯೇ ಒಯ್ಯಬೇಡಿ.

ಮುಂದಿನ ಆಟದಲ್ಲಿ ನೀವು ಹೀಗೆ ನಿಂತರೆ ನಿಮ್ಮ ಸ್ನೇಹಿತರು ಒಮ್ಮೆ ಸೋಲಬಹುದು, ಎರಡನೆಯ ಸಲ ಖಂಡಿತ ಉಪಾಯ ಹುಡುಕುತ್ತಾರೆ. ಅವರ ಜಾಗದಲ್ಲಿ ನಾನಿದ್ದರೆ ರಾವುತರನ್ನು ಎರಡು ಸರದಿ ತಡೆದು ನಿಲ್ಲಿಸಿ, ಬಾಣಯಂತ್ರ ಮತ್ತು ಬಿಲ್ಲುಗಾರರ ಬಾಣವನ್ನೆಲ್ಲ ಆ ಹತ್ತು ಹಾಲ್ಬರ್ಡ್‌ದಾರರ ಮೇಲೆ ಸುರಿಸುತ್ತಿದ್ದೆ. ಒಂದು ಸರದಿಯ ಹೊಡೆತಕ್ಕೆ ಕಾಲುಭಾಗ ಬಿದ್ದರೆ ತುಕಡಿ ಬೆದರಿಕೆಯ ಪರೀಕ್ಷೆ ಎದುರಿಸಬೇಕು, ಸೋತರೆ ಓಡುತ್ತದೆ, ಹತ್ತರಲ್ಲಿ ಮೂವರು ಬಿದ್ದರೆ ಅಲ್ಲಿಗೆ ಆಯಿತು. ಆದ್ದರಿಂದ ಮೊದಲ ಎರಡು ಸರದಿ ಹಾಲ್ಬರ್ಡ್‌ದಾರರನ್ನು ತಾಯಿ ತುಕಡಿಯ ಪಕ್ಕದ ಬದಲು ಅದರ ಬೆನ್ನಿಗೆ, ಮೂರು ಇಂಚಿನೊಳಗೇ ಮರೆಮಾಡಿ ನಡೆಸಿ. ರಾವುತರು ದಾಳಿಯ ದೂರಕ್ಕೆ ಬರುವ ಒಂದು ಸರದಿ ಮೊದಲು ಪಕ್ಕಕ್ಕೆ ಹೊರತನ್ನಿ. ನಿಮ್ಮ ಫಿರಂಗಿಯ ಮೊದಲ ಗುಂಡು ರಾವುತರಿಗೆ ಬೇಡ, ಆ ಬಾಣಯಂತ್ರಕ್ಕೆ ಇರಲಿ, ಹತ್ತು ಇಂಚು ಕಡಿಮೆ ಹೇಳಿ.